ಬ್ಯಾಡ್ಜು ಬಿಡಿ, ತೂತು ನೋಡಿ

ಪಕ್ಕದ ಮನೆಯವರು ಹೊಸ ಕಾರು ತಂದರೆ ಬೀದಿಯವರು ಮೊದಲು ಕೇಳುವುದು ಒಂದೇ: ‘ಟಾಪ್ ಎಂಡಾ, ಬೇಸಾ?’ ಉತ್ತರಕ್ಕೆ ಕಾಯುವ ಅಗತ್ಯವೂ ಇರುವುದಿಲ್ಲ. ಡಿಕ್ಕಿಯ ಮೇಲೆ ಎಲ್‌ಎಕ್ಸ್‌ಐ, ವಿಎಕ್ಸ್‌ಐ ಎಂದು ಅಕ್ಷರ ಅಂಟಿಸಿರುತ್ತಾರೆ. ಅಲಾಯ್ ವೀಲ್ ಇದೆಯೋ ಪ್ಲಾಸ್ಟಿಕ್ ಕಪ್ಪೋ, ಹಿಂದಿನ ಗಾಜಿಗೆ ವೈಪರ್ ಇದೆಯೋ ಇಲ್ಲವೋ ನೋಡಿ ಹೈಸ್ಕೂಲು ಹುಡುಗರೂ ವೇರಿಯಂಟ್ ಹೇಳಿಬಿಡುತ್ತಾರೆ. ಇದೇ ಜಾಣತನವನ್ನು ಅರವತ್ತು ವರ್ಷ ಹಳೆಯ ಇಟಲಿಯ ಕಾರಿನ ಮುಂದೆ ತೋರಿಸಹೋದರೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿ ಬ್ಯಾಡ್ಜು ಸಾರುವುದು ಬಹಳ ಸಲ ನಡುವೆ ಬಂದುಹೋದ ಯಾವನೋ ಮಾಲೀಕನ ಆಸೆಯನ್ನು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಕಂಪನಿಗಳು ಒಂದೇ ತಗಡಿನ ಒಡಲನ್ನು ಎರಡು ಮೂರು ದರ್ಜೆಗಳಲ್ಲಿ ಮಾರತೊಡಗಿದವು. ದರ್ಜೆಗಳ ನಡುವಿನ ವ್ಯತ್ಯಾಸ ಬಹುಪಾಲು ಬೀಡಿಂಗ್, ವೀಲ್ ಕಪ್, ಬಂಪರ್ ಮೇಲಿನ ಕೊಳವೆ, ಸೀಟಿನ ಬಟ್ಟೆ ಇಂಥವುಗಳಲ್ಲೇ ಇತ್ತು. ಇವೆಲ್ಲ ಬಿಚ್ಚಿ ಹಾಕಬಹುದಾದ ವಸ್ತುಗಳು, ಅಂಗಡಿಯಲ್ಲಿ ಬಿಡಿಯಾಗಿಯೂ ಸಿಗುತ್ತಿದ್ದವು. ಅಗ್ಗದ ಕಾರು ಕೊಂಡವನು ಸಂಬಳ ಏರಿದಂತೆ ಅದಕ್ಕೆ ಒಂದೊಂದೇ ಒಡವೆ ತೊಡಿಸಿದ. ಅವನ ನಂತರ ಬಂದ ಸಂಗ್ರಾಹಕರು, ಮೇಲಿನ ದರ್ಜೆಗೆ ಹೆಚ್ಚು ಬೆಲೆ ಸಿಗುವುದು ಗೊತ್ತಾಗಿ, ಉಳಿದದ್ದನ್ನೂ ತೊಡಿಸಿದರು. ಹೀಗೆ ಅರವತ್ತು ವರ್ಷ ಎಲ್ಲರೂ ಒಂದೇ ದಿಕ್ಕಿಗೆ, ಮೇಲಕ್ಕೆ, ತಳ್ಳಿದ ಪರಿಣಾಮವಾಗಿ ಈಗ ನಿಜವಾಗಿ ಹುಡುಕಬೇಕಾಗಿರುವುದು ಬೇಸ್ ಮಾಡೆಲ್ಲನ್ನೇ. ಹುಟ್ಟಿದ ರೂಪದಲ್ಲೇ ಉಳಿದ ಬಡ ಕಾರು ಸಿಗುವುದು ಸುಲಭವಲ್ಲ.

ಗಾಜು ಇಳಿಯದ ಕಾರು

ಇದಕ್ಕೆ ಫಿಯೆಟ್ 500ಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1957ರ ಜುಲೈ 4ರಂದು ಟ್ಯೂರಿನ್‌ನಲ್ಲಿ ಫಿಯೆಟ್ ಕಂಪನಿ ಈ ಪುಟ್ಟ ಕಾರನ್ನು ಹೊರತಂದಿತು. ವಿನ್ಯಾಸ ದಾಂತೆ ಜಕೋಸಾ ಅವರದು. ಹಿಂಬದಿಯಲ್ಲಿ ಎರಡು ಸಿಲಿಂಡರಿನ, ಗಾಳಿಗೆ ತಣಿಯುವ 479 ಸಿಸಿ ಎಂಜಿನ್. ಶಕ್ತಿ 13 ಅಶ್ವಬಲ. ಸ್ಕೂಟರ್ ಬಿಟ್ಟು ಬರುವವರನ್ನು ನೆಚ್ಚಿಕೊಂಡ ಕಾರಾದ್ದರಿಂದ ಖರ್ಚು ಕತ್ತರಿಸುವುದರಲ್ಲಿ ಕಂಪನಿ ದಾಕ್ಷಿಣ್ಯ ತೋರಲಿಲ್ಲ. ಬಾಗಿಲಿನ ಗಾಜು ಇಳಿಯುತ್ತಿರಲಿಲ್ಲ. ಮುಂದಿನ ಮೂಲೆಯ ತ್ರಿಕೋನ ಗಾಜಷ್ಟೇ ತೆರೆಯುತ್ತಿತ್ತು. ಹಿಂದೆ ಸರಿಯಾದ ಸೀಟಿರಲಿಲ್ಲ. ವೀಲ್ ಕಪ್ ಇಲ್ಲ, ಹೊಳೆಯುವ ಬೀಡಿಂಗ್ ಇಲ್ಲ. ಬೆಲೆ 4,90,000 ಲಿರಾ.

ಇಟಲಿಯ ಜನ ಮೂಗು ಮುರಿದರು. ಬಡವರಿಗೆಂದು ಮಾಡಿದ ಕಾರು ಬಡತನವನ್ನು ಇಷ್ಟು ಜೋರಾಗಿ ಸಾರಬಾರದಿತ್ತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರ್ ಹೊತ್ತಿಗೆ, ಕಂಪನಿ ಲೆಕ್ಕ ಬದಲಿಸಿತು. ಎಂಜಿನ್ ಶಕ್ತಿ 15 ಅಶ್ವಬಲಕ್ಕೆ ಏರಿತು, ಕಾರು ಎರಡು ದರ್ಜೆಯಾಯಿತು. ಮೊದಲಿನಂತೆಯೇ ಬೋಳಾಗಿದ್ದ ‘ಎಕೊನೊಮಿಕಾ’ದ ಬೆಲೆ 4,65,000 ಲಿರಾಕ್ಕೆ ಇಳಿಯಿತು. ಇಳಿಯುವ ಗಾಜು, ಹೆಡ್‌ಲೈಟಿನ ಸುತ್ತ ಹೊಳೆಯುವ ಬಳೆ, ವೀಲ್ ಕಪ್, ಹಿಂದೆ ಮೆತ್ತೆ, ಪಕ್ಕೆಗೆ ಬೀಡಿಂಗ್ ಎಲ್ಲ ಸೇರಿಸಿಕೊಂಡ ‘ನೊರ್ಮಾಲೆ’ ಹಳೆಯ 4,90,000ಕ್ಕೇ ಸಿಕ್ಕಿತು. ಮೊದಲೇ ಕೊಂಡು ಪೆಚ್ಚಾಗಿದ್ದವರಿಗೆ ವ್ಯತ್ಯಾಸದ 25,000 ಲಿರಾ ಹಿಂದಿರುಗಿಸಿದರು.

ಹಣ ಹಿಂದಿರುಗಿತು, ಆದರೆ ಸೆಖೆ ಹೋಗಬೇಕಲ್ಲ. ಜುಲೈ ತಿಂಗಳ ಇಟಲಿಯಲ್ಲಿ ಗಾಜು ಇಳಿಯದ ಕಾರನ್ನು ಓಡಿಸುವ ಕಷ್ಟ ಓಡಿಸಿದವರಿಗೇ ಗೊತ್ತು. ಮಾಲೀಕರು ಬಾಗಿಲುಗಳನ್ನೇ ಬದಲಿಸಿಕೊಂಡರು, ಬೀಡಿಂಗ್ ಹೊಡೆಸಿಕೊಂಡರು. ಇವತ್ತು ಸಂಗ್ರಾಹಕರು ‘ವೆತ್ರಿ ಫಿಸ್ಸಿ’, ಅಂದರೆ ಕದಲದ ಗಾಜಿನವು, ಎಂದು ಕರೆಯುವ ಆ ಮೊದಲ ಕಾರುಗಳಿಗೆ ಮುಗಿಬೀಳುತ್ತಾರೆ. ಆಗ ಯಾರಿಗೂ ಬೇಡವಾಗಿದ್ದ ಗಾಜು ಈಗ ಪ್ರಮಾಣಪತ್ರ.

1960ರಲ್ಲಿ ಬಂದ 500 ಡಿಯಲ್ಲಿ ಎಂಜಿನ್ 499.5 ಸಿಸಿಗೆ ದೊಡ್ಡದಾಯಿತು. 1965ರಲ್ಲಿ ‘ಎಫ್’ ಬಂದಾಗ ಎಲ್ಲಕ್ಕಿಂತ ದೊಡ್ಡ ಗುರುತು ಸಿಕ್ಕಿತು, ಬಾಗಿಲಿನ ಕೀಲು. ಅಲ್ಲಿಯವರೆಗೆ ಕೀಲು ಹಿಂದಕ್ಕಿದ್ದು ಬಾಗಿಲು ಮುಂದಿನಿಂದ ತೆರೆಯುತ್ತಿತ್ತು, ಓಡುವಾಗ ಅಪ್ಪಿತಪ್ಪಿ ಚಿಲಕ ಬಿಟ್ಟರೆ ಗಾಳಿಯೇ ಬಾಗಿಲನ್ನು ಕಿತ್ತು ತೆರೆಯುವ ಹಾಗೆ. ಎಫ್‌ನಿಂದ ಕೀಲು ಮುಂದಕ್ಕೆ ಹೋಯಿತು. ಹಾಗಾಗಿ ಹಿಂದಿನ ಕೀಲಾದರೆ 1965ಕ್ಕೆ ಮುಂಚಿನದು ಎಂದು ಹೊಸಬರು ಕಣ್ಣುಮುಚ್ಚಿ ಹೇಳಿಬಿಡುತ್ತಾರೆ. ಅಲ್ಲೇ ಎಡವುವುದು. ಇದೇ ಕಾರಿನ ಸ್ಟೇಷನ್ ವ್ಯಾಗನ್ ರೂಪವಾದ ‘ಜಾರ್ದಿನಿಯೇರಾ’ ಮಾತ್ರ 1977ರಲ್ಲಿ ನಿಲ್ಲುವವರೆಗೂ ಹಿಂದಿನ ಕೀಲನ್ನೇ ಇಟ್ಟುಕೊಂಡಿತ್ತು.

1968ರಲ್ಲಿ ಎಫ್ ಜೊತೆಜೊತೆಗೇ ‘ಎಲ್’, ಅಂದರೆ ‘ಲುಸ್ಸೊ’, ಎಂಬ ಐಷಾರಾಮಿ ದರ್ಜೆ ಮಾರಾಟಕ್ಕೆ ಬಂತು. ಈ ಕಾರುಗಳನ್ನು ಮೊದಲ ಸಲ ನೋಡುವವರು ಹೆಚ್ಚಾಗಿ ತಡಬಡಾಯಿಸುವುದು ಈ ಎರಡರ ನಡುವೆ. ಎಲ್‌ನ ಬಂಪರ್ ಮೇಲೆ ಬಾಗಿದ ಕ್ರೋಮ್ ಕೊಳವೆಗಳಿರುತ್ತವೆ, ಕೆಳಗೆ ಕಾರ್ಪೆಟ್, ಮುಂದೆ ಒರಗಬಹುದಾದ ಸೀಟು. ಕೊಳವೆಯನ್ನು ಯಾರು ಬೇಕಾದರೂ ತಂದು ಜೋಡಿಸಬಹುದು, ಜೋಡಿಸಿಯೂ ಇದ್ದಾರೆ. ಆದ್ದರಿಂದ ಮುಂಭಾಗ ಬಿಟ್ಟು ಒಳಗೆ ತಲೆ ಹಾಕಬೇಕು. ಎಫ್‌ನ ಡ್ಯಾಶ್‌ಬೋರ್ಡು ಬಣ್ಣ ಬಳಿದ ಬರಿಯ ತಗಡು. ಅದರಲ್ಲಿ ಒಂದೇ ಒಂದು ದುಂಡನೆಯ ಮೀಟರು, ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳಿಲ್ಲ, ಮುಗಿಯುತ್ತ ಬಂದಾಗ ಹತ್ತುವ ದೀಪವಷ್ಟೇ. ಎಲ್‌ನಲ್ಲಿ ಫಿಯೆಟ್ 850 ಕಾರಿನಿಂದ ತಂದ ಅಡ್ಡಗಲದ ಮೀಟರು, ಅದರೊಳಗೆ ಪೆಟ್ರೋಲಿನ ಮುಳ್ಳು, ಡ್ಯಾಶ್‌ಬೋರ್ಡಿಗೆ ಹೊದಿಕೆ. ಚಾಸಿ ಸಂಖ್ಯೆ ನೋಡಿ ತೀರ್ಮಾನಿಸೋಣವೆಂದರೆ ಎರಡಕ್ಕೂ ಆರಂಭ 110 ಎಫ್ ಎಂದೇ. ಹೊರಗೆ ಕೊಳವೆ, ಒಳಗೆ ದುಂಡು ಮೀಟರು ಇದ್ದರೆ ಅದು ಲುಸ್ಸೊ ಆಗಬಯಸಿದ ಎಫ್.

ನನ್ನನ್ನು ಕೇಳಿದರೆ ಆ ಕೊಳವೆಗಳು ಚೆಂದವೂ ಇಲ್ಲ. ಜಕೋಸಾ ಇಷ್ಟು ಸರಳವಾಗಿ ಮುಗಿಸಿದ ಮುಖಕ್ಕೆ ಅವು ಕುದುರೆಗೆ ಕಟ್ಟಿದ ಮೂಗುದಾರದಂತೆ ಕಾಣುತ್ತವೆ. ಆದರೂ ಮಾರುಕಟ್ಟೆಗೆ ಅವೇ ಇಷ್ಟ.

ಕೊನೆಗೆ 1972ರ ‘ಆರ್’. ಅದೇ ವರ್ಷ ಫಿಯೆಟ್ 126 ಬಂದಿದ್ದರಿಂದ 500 ಈಗ ಮನೆಯ ಹಿರಿಯ ಮಗನಾಗಿ ಉಳಿದಿರಲಿಲ್ಲ. ಹೊಸ ಕಾರಿನ 594 ಸಿಸಿ ಎಂಜಿನನ್ನು ಶಕ್ತಿ ಇಳಿಸಿ 18 ಅಶ್ವಬಲಕ್ಕೆ ಇದಕ್ಕೆ ಕೂರಿಸಿದರು. ಗಾಲಿಗಳೂ ಅದರವೇ, ಮೇಲೆ ಕಪ್ಪಿಲ್ಲ. ಲುಸ್ಸೊ ನಿಂತುಹೋಗಿತ್ತು, ದುಂಡು ಮೀಟರು ಮರಳಿ ಬಂತು. 1957ರಲ್ಲಿ ಬೋಳಾಗಿ ಹುಟ್ಟಿದ ಕಾರು 1975ರಲ್ಲಿ ಬೋಳಾಗಿಯೇ ಹೋಯಿತು. ಅಷ್ಟರಲ್ಲಿ 38 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಆರ್ ಕಾರನ್ನು ಗುರುತಿಸುವುದು ಕಷ್ಟವಲ್ಲ, ಆದರೆ ಹಾಗೇ ಉಳಿಸಿಕೊಂಡವರು ಕಡಿಮೆ. ಹೆಚ್ಚಿನವಕ್ಕೆ ಯಾರೋ ಹಳೆಯ ಗಾಲಿ, ಹಳೆಯ ವೀಲ್ ಕಪ್ ಹಾಕಿ ಎಫ್ ಎಂದು ನಿಲ್ಲಿಸಿರುತ್ತಾರೆ.

ತಗಡಿನ ಸಾಕ್ಷ್ಯ

ಹಳೆಯ ಕಾರಿನ ಬ್ಯಾಡ್ಜು ಈಗಿನಂತೆ ಅಂಟಿನ ಮೇಲೆ ಕೂತಿದ್ದಲ್ಲ. ಹಿಂದೆ ಸಣ್ಣ ಸಣ್ಣ ಕಡ್ಡಿಗಳಿದ್ದು, ತಗಡಿನ ತೂತಿನೊಳಗೆ ತೂರಿ, ಒಳಗಿನಿಂದ ಕ್ಲಿಪ್ ಹಾಕಿ ಬಿಗಿದದ್ದು. ಪಕ್ಕೆಯ ಬೀಡಿಂಗ್ ಕೂಡ ಹಾಗೆಯೇ. ಆದ್ದರಿಂದ ನೋಡಬೇಕಾದದ್ದು ತಗಡಿನ ಒಳಮೈ. ಬಾನೆಟ್ ಎತ್ತಿ, ಡಿಕ್ಕಿ ತೆರೆದು, ಬಾಗಿಲಿನ ಒಳಹಲಗೆ ಬಿಚ್ಚಿ ಟಾರ್ಚು ಹಾಕಿದರೆ ಹೊರಗಿನ ಬಣ್ಣ ಮುಚ್ಚಿಟ್ಟಿದ್ದೆಲ್ಲ ಒಳಗಡೆ ಬಿಚ್ಚಿಕೊಂಡಿರುತ್ತದೆ. ಕಾರ್ಖಾನೆಯಲ್ಲೇ ಬಿದ್ದ ತೂತಿನ ಅಂಚು ನಯವಾಗಿದ್ದು ಅದಕ್ಕೆ ಮೊದಲ ಬಣ್ಣ ಹತ್ತಿರುತ್ತದೆ. ಆಮೇಲೆ ಡ್ರಿಲ್ ಹಾಕಿ ಕೊರೆದ ತೂತಿನ ಅಂಚಿನಲ್ಲಿ ಮುಳ್ಳು ಎದ್ದಿರುತ್ತದೆ, ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಮುಚ್ಚಿದ ತೂತಾದರೆ ಒಳಗೆ ಗ್ಯಾಸ್ ವೆಲ್ಡಿಂಗಿನ ಗಂಟೋ, ಟಿಂಕರಿಂಗ್‌ನವನು ಅವಸರಕ್ಕೆ ಮೆತ್ತಿದ ಪುಟ್ಟಿಯೋ ಕಾಣುತ್ತದೆ. ನೊರ್ಮಾಲೆ ಎನ್ನುವ ಕಾರಿನ ಪಕ್ಕೆಯ ಬೀಡಿಂಗ್ ತೂತುಗಳಿಗೆ ಮೂಲ ಬಣ್ಣವೇ ಹತ್ತಿಲ್ಲವೆಂದರೆ ಅದು ಎಕೊನೊಮಿಕಾ ಆಗಿ ಹುಟ್ಟಿದ್ದಿರಬಹುದು.

ಇಲ್ಲೊಂದು ತೊಡಕಿದೆ. ಎಪ್ಪತ್ತರ ದಶಕದ ಇಟಲಿಯ ಕಾರುಗಳು ತುಕ್ಕಿಗೆ ಹೆಸರಾದವು. ತುಕ್ಕು ತಿಂದ ಮಡ್‌ಗಾರ್ಡು, ಬಾಗಿಲನ್ನು ಕಿತ್ತು ಬೇರೆಯದನ್ನು ಕೂರಿಸಿದಾಗ ಅದರ ಜೊತೆ ತೂತುಗಳ ಸಾಕ್ಷ್ಯವೂ ಗುಜರಿಗೆ ಹೋಗುತ್ತದೆ. ಆಗ ಉಳಿಯುವುದು ಎಂಜಿನ್ ಕೋಣೆಯಲ್ಲೋ ಅದರ ಆಸುಪಾಸಿನಲ್ಲೋ ರಿವೆಟ್ ಹೊಡೆದು ಕೂರಿಸಿದ ಪುಟ್ಟ ಫಲಕ. ಫಿಯೆಟ್‌ನ ಫಲಕದಲ್ಲಿ ಚಾಸಿಯ ಬಗೆ, ಎಂಜಿನ್‌ನ ಬಗೆಯ ಜೊತೆಗೆ ‘ಬಿಡಿಭಾಗಗಳಿಗಾಗಿ’ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಕಾರು ಯಾವ ಸರಣಿಯದು, ಅದಕ್ಕೆ ಯಾವ ಬಿಡಿಭಾಗ ಹೊಂದುತ್ತದೆ ಎಂದು ಅಂಗಡಿಯವನು ತಿಳಿಯಲು ಇಟ್ಟ ಆ ಸಂಖ್ಯೆ ಈಗ ಕಾರಿನ ಹುಟ್ಟನ್ನು ಹುಡುಕುವವರಿಗೆ ಒದಗುತ್ತಿದೆ. ಫಲಕವನ್ನು ಓದುವ ಮೊದಲು ರಿವೆಟ್ಟುಗಳನ್ನು ನೋಡಬೇಕು. ಹಳೆಯ ಫಲಕಕ್ಕೆ ಹೊಸ ರಿವೆಟ್ ಇದ್ದರೆ ಕೇಳಬೇಕಾದ ಪ್ರಶ್ನೆಗಳಿವೆ.

ಬಡವನಿಗೂ ಇಲ್ಲ, ಓಟಗಾರನಿಗೂ ಇಲ್ಲ

ಇಲ್ಲಿಯವರೆಗಿನದ್ದನ್ನು ಓದಿದವರು, ಹೊಳಪು ಕಡಿಮೆಯಿದ್ದರೆ ದರ್ಜೆಯೂ ಕಡಿಮೆ ಎಂದುಕೊಂಡಿರಬಹುದು. ಟ್ಯೂರಿನ್ ಬಿಟ್ಟು ಮಿಲಾನ್‌ಗೆ, ಆಲ್ಫಾ ರೋಮಿಯೊ ಕಾರುಗಳ ಹತ್ತಿರ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

1962ರಲ್ಲಿ ಬಂದ ಜೂಲಿಯಾ ಟಿಐ ನಾಲ್ಕು ಬಾಗಿಲಿನ, ಡಬ್ಬಿಯಂಥ ಕಾರು. ಡಬ್ಬಿಯಂತೆ ಕಂಡರೂ ಗಾಳಿಯನ್ನು ಸೀಳುವುದರಲ್ಲಿ ಆ ಕಾಲದ ನಯವಾದ ಕಾರುಗಳಿಗಿಂತ ಮುಂದು. 1570 ಸಿಸಿ ಎಂಜಿನ್, 92 ಅಶ್ವಬಲ, ಮುಂದೆ ನಾಲ್ಕು ಹೆಡ್‌ಲೈಟು, ಸ್ಟೇರಿಂಗ್ ಪಕ್ಕದಲ್ಲಿ ಗೇರು. 1964ರಲ್ಲಿ ಅಗ್ಗದ ದರ್ಜೆಯಾಗಿ ಜೂಲಿಯಾ 1300 ಬಂತು. ಅದಕ್ಕೆ ನಾಲ್ಕು ಗೇರು, ಎರಡೇ ಹೆಡ್‌ಲೈಟು. 1965ರ ‘ಸೂಪರ್’ಗೆ 98 ಅಶ್ವಬಲ, ಗೇರು ನೆಲಕ್ಕೆ, ಹಿಂದಿನ ಗಾಜಿನ ಪಕ್ಕದ ಕಂಬದ ಮೇಲೆ ಮಿಲಾನ್ ನಗರದ ಲಾಂಛನದಲ್ಲಿರುವ ಹಾವಿನ ದುಂಡನೆಯ ಬಿಲ್ಲೆ. ಎರಡು ದೀಪವಾದರೆ ಅಗ್ಗದ್ದು, ನಾಲ್ಕಾದರೆ ಮೇಲಿನದು, ಹಾವಿದ್ದರೆ ಸೂಪರ್. ಇಷ್ಟು ಸುಲಭ.

ಇವುಗಳ ನಡುವೆ 1963–64ರಲ್ಲಿ ಒಂದು ವಿಚಿತ್ರ ಕಾರು ಬಂದುಹೋಯಿತು. ಹೆಸರು ಜೂಲಿಯಾ ಟಿಐ ಸೂಪರ್. ತಯಾರಾದದ್ದು 501 ಮಾತ್ರ, ಕೆಲವನ್ನು ಬಿಟ್ಟರೆ ಎಲ್ಲವೂ ಬಿಳಿ. 112 ಅಶ್ವಬಲದ ಎಂಜಿನ್. ರೇಸಿಗೆಂದು ಮಾಡಿದ್ದರಿಂದ ತೂಕ ಇಳಿಸಲು ಒಳಗಿನ ಎರಡು ಹೆಡ್‌ಲೈಟುಗಳನ್ನೇ ತೆಗೆದು ಆ ಜಾಗಕ್ಕೆ ಜಾಲರಿ ಕೂರಿಸಿದ್ದರು. ಎರಡೇ ದೀಪದ ಜೂಲಿಯಾ ಅಗ್ಗದ್ದೂ ಆಗಿರಬಹುದು, ಎಲ್ಲಕ್ಕಿಂತ ದುಬಾರಿಯದ್ದೂ ಆಗಿರಬಹುದು! ಒಬ್ಬನಿಗೆ ಹಣ ಇಲ್ಲದ್ದರಿಂದ ತೆಗೆದರು, ಇನ್ನೊಬ್ಬನಿಗೆ ವೇಗ ಬೇಕೆಂದು ತೆಗೆದರು. ಇಟಲಿಯ ಹಳೆಯ ಕಾರುಗಳ ದರ್ಜೆ ಓದುವುದರಲ್ಲಿ ನನಗೆ ಅತ್ಯಂತ ರುಚಿಯಾದ ಭಾಗ ಇದೇ. ಏನೇನಿದೆ ಎಂದು ಪಟ್ಟಿ ಮಾಡುವವರು ತಪ್ಪುದಾರಿ ಹಿಡಿಯುತ್ತಾರೆ. ಏನಿಲ್ಲ, ಯಾಕಿಲ್ಲ ಎಂದು ಕೇಳುವವರಿಗೆ ಕಾರು ಉತ್ತರ ಕೊಡುತ್ತದೆ.

ಟಿಐ ಸೂಪರ್‌ನ ಮೈಮೇಲಿದ್ದ ಇನ್ನೊಂದು ಗುರುತು ಹಸಿರು ಬಣ್ಣದ ನಾಲ್ಕೆಲೆಯ ಕ್ಲೋವರ್, ‘ಕ್ವಾದ್ರಿಫೋಲ್ಯೊ’. ಅದರ ಕತೆ ಹಳೆಯದು. 1923ರಲ್ಲಿ ಸಿಸಿಲಿಯ ತಾರ್ಗಾ ಫ್ಲೋರಿಯೊ ರೇಸಿಗೆ ಹೊರಟ ಊಗೊ ಸಿವೊಚ್ಚಿ, ಅದೃಷ್ಟಕ್ಕೆಂದು ತನ್ನ ಆಲ್ಫಾ ಕಾರಿನ ಮೇಲೆ ಬಿಳಿಯ ಚೌಕದೊಳಗೆ ಈ ಎಲೆ ಬರೆಸಿಕೊಂಡಿದ್ದ. ಗೆದ್ದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೊಂಜಾದಲ್ಲಿ ಹೊಸ ಕಾರಿನ ಅಭ್ಯಾಸದ ವೇಳೆ, ಎಲೆಯಿಲ್ಲದ ಕಾರಿನಲ್ಲಿ, ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಆಮೇಲೆ ಆಲ್ಫಾದ ರೇಸ್ ಕಾರುಗಳ ಮೇಲೆ ಎಲೆ ಉಳಿಯಿತು. ಚೌಕದ ಒಂದು ಮೂಲೆ ಹೋಗಿ ತ್ರಿಕೋನವಾಯಿತು.

ಅರವತ್ತು ವರ್ಷದ ನಂತರ ಅದೇ ಎಲೆಯನ್ನು ಕಂಪನಿ ವೇರಿಯಂಟ್ ಹೆಸರಾಗಿ ಮಾರಿತು. ಎಂಬತ್ತರ ದಶಕದ ಆಲ್ಫಾ 33 ಕಾರಿನಲ್ಲಿ ಹಸಿರೆಲೆಯ ‘ವೆರ್ದೆ’ ವೇಗದವರಿಗೆ, ಚಿನ್ನದ ಬಣ್ಣದ ‘ಓರೊ’ ಸುಖಾಸನ ಬಯಸುವವರಿಗೆ. ಎಲೆ ಕಂಡೊಡನೆ ರೇಸ್ ಕಾರೆಂದು ಹಿಗ್ಗುವವರು ಅದರ ಬಣ್ಣವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಈಗ ಎಲೆಯ ಸ್ಟಿಕ್ಕರು ಯಾರು ಬೇಕಾದರೂ ಕೊಂಡು ಅಂಟಿಸಿಕೊಳ್ಳಬಹುದಾದ್ದರಿಂದ ಎಲೆಯಿಂದ ಏನೂ ಸಾಬೀತಾಗುವುದಿಲ್ಲ. ಟಿಐ ಸೂಪರ್ ನಿಜವೋ ಸುಳ್ಳೋ ತಿಳಿಯಲು ನೋಡುವುದು ಬಗೆಯ ಸಂಖ್ಯೆಯನ್ನು. ಸಾಮಾನ್ಯ ಟಿಐ 105.14, ಟಿಐ ಸೂಪರ್ 105.16. ವ್ಯತ್ಯಾಸ ಒಂದೇ ಅಂಕಿಯದು, ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಅದೇ ಮನೆಯ ಎರಡು ಬಾಗಿಲಿನ ಜಿಟಿಎ ವಿಷಯದಲ್ಲಿ ಜನ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತಾರೆ. 1965ರ ಜಿಟಿಎ ನೋಡಲು ಸಾಧಾರಣ ಸ್ಪ್ರಿಂಟ್ ಜಿಟಿಯಂತೆಯೇ. ಹೊರಮೈಯ ಹಲಗೆಗಳು ಮಾತ್ರ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹ. ಅಯಸ್ಕಾಂತ ಬಾಗಿಲಿಗೆ ಕಚ್ಚಿಕೊಂಡರೆ ಮಾತು ಅಲ್ಲಿಗೆ ಮುಗಿಯಿತು. ಕಚ್ಚಿಕೊಳ್ಳದಿದ್ದರೆ ಮುಗಿಯಲಿಲ್ಲ, ಏಕೆಂದರೆ ಫೈಬರ್ ಬಾಗಿಲಿಗೂ ಅದು ಕಚ್ಚುವುದಿಲ್ಲ. ಅಲ್ಯೂಮಿನಿಯಂ ಹಲಗೆಯನ್ನು ಹೊಸದಾಗಿ ಬಡಿದು ಕೂರಿಸುವ ಕುಶಲಿಗಳೂ ಇದ್ದಾರೆ. ಆಗ ಬಾನೆಟ್ ಎತ್ತಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ ಇವೆಯೇ ಎಂದು ಎಣಿಸಬೇಕು, ಮತ್ತೆ 105.32 ಎಂಬ ಸಂಖ್ಯೆ ಹುಡುಕಬೇಕು.

ಸುಳ್ಳನ್ನು ಯಾವಾಗಲೂ ಮಾಲೀಕರೇ ಸೃಷ್ಟಿಸುತ್ತಾರೆ ಎನ್ನುವಂತೆಯೂ ಇಲ್ಲ. ಲಾಂಚಿಯಾ ಕಂಪನಿಯ ಫುಲ್ವಿಯಾ ಕೂಪೆ ಕಾರಿನಲ್ಲಿ ‘ಎಚ್‌ಎಫ್’ ಎಂಬುದು ರ‍್ಯಾಲಿಯ ದರ್ಜೆ. 1966ರ ಮೊದಲ ಎಚ್‌ಎಫ್‌ಗೆ ಬಂಪರ್ ಇರಲಿಲ್ಲ, ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂನವು. 1.6 ಲೀಟರ್ ಎಚ್‌ಎಫ್ ಬಂದಾಗ ಒಳಗಿನ ಜೋಡಿ ಹೆಡ್‌ಲೈಟುಗಳು ದೊಡ್ಡವಾದವು. ಅದಕ್ಕೇ ಆ ಕಾರಿಗೆ ‘ಫನಲೋನೆ’, ದೊಡ್ಡ ದೀಪದ್ದು, ಎಂದು ಅಡ್ಡಹೆಸರು. 1970ರಿಂದ ಬಂದ, ಸ್ವಲ್ಪ ಮೆತ್ತಗಾದ ಎರಡನೆಯ ಸರಣಿಯಲ್ಲಿ ದೀಪ ಚಿಕ್ಕದಾಗಿದ್ದಕ್ಕೆ ಅದು ‘ಫನಲೀನೊ’. 1972ರಲ್ಲಿ ಸಾಂದ್ರೊ ಮುನಾರಿ ಮತ್ತು ಮಾರಿಯೊ ಮನ್ನುಚ್ಚಿ ಫುಲ್ವಿಯಾದಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಇಟಲಿಯ ಹುಡುಗರೆಲ್ಲ ಅಂಥದ್ದೇ ಕಾರು ಬೇಕೆಂದರು. ಲಾಂಚಿಯಾ ತಾನೇ ಮುಂದೆ ಬಂದು, 1.3 ಲೀಟರ್ ಎಂಜಿನ್ನಿನ ಸಾಮಾನ್ಯ ಕಾರಿನ ಬಂಪರ್ ತೆಗೆದು, ಬಾನೆಟ್ಟಿಗೆ ಹೊಳಪಿಲ್ಲದ ಕಪ್ಪು ಬಳಿದು ‘ಮಾಂಟೆಕಾರ್ಲೊ’ ಎಂದು ಮಾರಿತು. ರ‍್ಯಾಲಿಯಲ್ಲಿ ತೂಕ ಇಳಿಸಲು ತೆಗೆದ ಬಂಪರನ್ನು ಇಲ್ಲಿ ಅಲಂಕಾರಕ್ಕೆಂದು ತೆಗೆದರು. ಹೀಗಾಗಿ ಬಂಪರ್ ಇಲ್ಲದ, ಕಪ್ಪು ಬಾನೆಟ್ಟಿನ ಫುಲ್ವಿಯಾ ಕಂಡರೆ ಎದೆ ಬಡಿತ ಹೆಚ್ಚಿಸಿಕೊಳ್ಳುವ ಮೊದಲು ಚಾಸಿ ಸಂಖ್ಯೆ ಓದಬೇಕು: ಫನಲೋನೆಯದು 818.540, ಫನಲೀನೊದ್ದು 818.740.

ಕಾರ್ಲೊ ಅಬಾರ್ತ್‌ನ ಚೇಳಿನ ಬಿಲ್ಲೆಯದ್ದು ಇನ್ನೊಂದು ಬಗೆ. ಫಿಯೆಟ್ 500, 600ಗಳ ಶಕ್ತಿ ಹೆಚ್ಚಿಸುವ ಸಾಮಾನನ್ನು ಪೆಟ್ಟಿಗೆ ಕಟ್ಟಿ ಮಾರುವುದೇ ಅವನ ವ್ಯಾಪಾರದ ಒಂದು ಭಾಗ. ಪೆಟ್ಟಿಗೆ ಕೊಂಡವರು ಮನೆಯಲ್ಲೇ ಕಾರು ಬದಲಾಯಿಸಿದರು. ಸಾಮಾನು ಅಸಲಿ, ಚೇಳು ಅಸಲಿ, ಕಾರು ಮಾತ್ರ ಅಬಾರ್ತ್‌ನ ಕಾರ್ಖಾನೆ ಕಂಡದ್ದಲ್ಲ. ಇದನ್ನು ನಕಲಿ ಎನ್ನುವುದೂ ನ್ಯಾಯವಲ್ಲ, ಅಸಲಿಯ ಬೆಲೆ ಕೊಡುವುದೂ ನ್ಯಾಯವಲ್ಲ.

ಎಪ್ಪತ್ತು, ಎಂಬತ್ತರ ದಶಕಕ್ಕೆ ಬಂದರೆ ಕೆಲಸ ಹಗುರವಾಗುತ್ತದೆ, ಸ್ವಾರಸ್ಯವೂ ಕಡಿಮೆಯಾಗುತ್ತದೆ. ಫಿಯೆಟ್ 131 ಮಿರಾಫಿಯೋರಿಯ ಸಾದಾ ದರ್ಜೆಗೆ ಎರಡು ಚೌಕಾಕಾರದ ಹೆಡ್‌ಲೈಟು, ಸ್ಪೆಷಲ್‌ಗೆ ನಾಲ್ಕು ದುಂಡನೆಯವು. 1980ರ ಪಾಂಡಾದಲ್ಲಿ 30 ಮತ್ತು 45 ಎಂಬ ಎರಡು ಬಗೆ. ಮುಖದ ತಗಡಿನಲ್ಲಿ ಗಾಳಿಗೆ ಬಿಟ್ಟ ಸೀಳುಗಳು ಒಂದರಲ್ಲಿ ಒಂದು ಪಕ್ಕಕ್ಕಿದ್ದರೆ ಇನ್ನೊಂದರಲ್ಲಿ ಎದುರು ಪಕ್ಕಕ್ಕೆ, ಯಾಕೆಂದರೆ ಒಳಗಿನ ಎಂಜಿನ್ನುಗಳೇ ಬೇರೆ: ಒಂದು ಗಾಳಿಗೆ ತಣಿಯುವ ಎರಡು ಸಿಲಿಂಡರಿನದು, ಇನ್ನೊಂದು ನೀರಿಗೆ ತಣಿಯುವ ನಾಲ್ಕು ಸಿಲಿಂಡರಿನದು. 1983ರ ಊನೊ ಕಾರಿನ 45, 55, 70 ಎಂಬ ಅಂಕಿಗಳು ಹೆಚ್ಚುಕಡಿಮೆ ಅಶ್ವಬಲದ ಲೆಕ್ಕ. ಲಾಂಚಿಯಾ ಡೆಲ್ಟಾ ಇಂಟೆಗ್ರಾಲೆಯಲ್ಲಿ ಗಾಲಿಯ ಬೋಲ್ಟ್ ಎಣಿಸಿದರೆ ಸಾಕು: ನಾಲ್ಕಿದ್ದರೆ ಮೊದಲಿನವು, ಐದಿದ್ದರೆ 1991ರ ನಂತರದ ಎವೊಲುತ್ಸಿಯೋನೆ.

ಕಾಗದಪತ್ರ

ತಗಡು ಕೈಕೊಟ್ಟಲ್ಲಿ ಕಾಗದ ಕೈಹಿಡಿಯುತ್ತದೆ. ಇಟಲಿಯಲ್ಲಿ ವಾಹನಗಳ ಒಡೆತನವನ್ನು ಬರೆದಿಡುವ ಸಾರ್ವಜನಿಕ ದಾಖಲೆ 1927ರಿಂದಲೂ ಇದೆ. ಅಲ್ಲಿಂದ ಒಂದು ಕಾರಿನ ಮಾಲೀಕರ ಸಾಲನ್ನು ಮೊದಲಿನಿಂದ ತೆಗೆಸಬಹುದು. ಹಳೆಯ ಕಪ್ಪು ನಂಬರ್ ಪ್ಲೇಟಿಗೆ ಅಲ್ಲಿನ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದಕ್ಕೂ ಕಾರಣವಿದೆ. ಹಿಂದೆ ಕಾರು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೋದರೆ ಹೊಸ ನಂಬರ್ ಹಾಕಿಸಬೇಕಿತ್ತು. ಮೊದಲ ಕಪ್ಪು ಪ್ಲೇಟು ಇನ್ನೂ ಇದೆಯೆಂದರೆ ಕಾರು ಒಂದೇ ಸೀಮೆಯಲ್ಲಿ ಬಾಳಿದೆ ಎಂದರ್ಥ. ಕೈ ಬದಲಾದದ್ದು ಕಡಿಮೆಯಾದಷ್ಟೂ ಬ್ಯಾಡ್ಜು ಬದಲಾಗುವ ಸಂದರ್ಭವೂ ಕಡಿಮೆ.

ಕಾರ್ಖಾನೆಗಳ ಹಳೆಯ ಲೆಡ್ಜರುಗಳೂ ಉಳಿದಿವೆ. ಟ್ಯೂರಿನ್‌ನಲ್ಲಿ ಫಿಯೆಟ್‌ನ ಐತಿಹಾಸಿಕ ಕೇಂದ್ರ 1963ರಿಂದ ಇದೆ, ಮಿಲಾನ್ ಹತ್ತಿರದ ಆರೆಸೆಯಲ್ಲಿ ಆಲ್ಫಾ ರೋಮಿಯೊ ಮ್ಯೂಸಿಯಂ ಮತ್ತು ದಾಖಲೆ ಕೇಂದ್ರ ಇವೆ. ಚಾಸಿ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಕಾರು ಯಾವಾಗ ತಯಾರಾಯಿತು, ಮೊದಲು ಯಾವ ಬಣ್ಣವಿತ್ತು ಎಂಬ ವಿವರ ಸಿಗುತ್ತದೆ. ಬಣ್ಣವೂ ದರ್ಜೆಯ ಸುಳಿವೇ. ಕೆಲವು ಬಣ್ಣಗಳನ್ನು ಕೆಲವು ದರ್ಜೆಗೆ ಮಾತ್ರ ಕೊಡುತ್ತಿದ್ದರು.

ಬೂದುಬಣ್ಣದ 1100, ನಮ್ಮ ಫಿಯೆಟ್

ಬಣ್ಣ ದರ್ಜೆಯನ್ನು ಹೇಳುತ್ತದೆ ಎಂಬುದಕ್ಕೆ ಚೆನ್ನಾದ ಸಾಕ್ಷಿ ನಮ್ಮ ರಸ್ತೆಗಳಲ್ಲೂ ಓಡಾಡಿದ ಫಿಯೆಟ್ 1100. 1953ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರೂ ಎಕೊನೊಮಿಕಾ, ನೊರ್ಮಾಲೆ ಎಂದು ಎರಡು ದರ್ಜೆಯಲ್ಲೇ ಹುಟ್ಟಿತು. ಎಕೊನೊಮಿಕಾಗೆ ಒಂದೇ ಬಣ್ಣ, ಬೂದು. ಒಳಗೆ ಎಷ್ಟು ಬೇಕೋ ಅಷ್ಟೇ. ಕೆಲವೇ ತಿಂಗಳಿಗೆ ಪ್ಯಾರಿಸ್‌ನಲ್ಲಿ ಮೂರನೆಯದು ಬಂತು, ವೇಗದ ‘ಟಿವಿ’. ಮೊದಲಿನ 36 ಅಶ್ವಬಲ ಇದರಲ್ಲಿ 50ಕ್ಕೆ ಏರಿತ್ತು, ಗ್ರಿಲ್ಲಿನ ನಟ್ಟನಡುವೆ ಹಣೆಗಣ್ಣಿನಂತೆ ಇನ್ನೊಂದು ದೀಪ. ಟ್ಯೂರಿನ್‌ನ ಶೋರೂಮಿನಲ್ಲಿ ಒಬ್ಬ ಗಿರಾಕಿ ಈ ಮೂರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಜೇಬು ಮುಟ್ಟಿಕೊಂಡು, ಆರಿಸಬಹುದಿತ್ತು.

ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇದೇ ಕಾರನ್ನು 1954ರಿಂದ ಹೊರತಂದಾಗ ಆ ಆಯ್ಕೆ ಇರಲಿಲ್ಲ. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಓಡಾಡುವ ಹೆಸರುಗಳಿವೆ: ಮಿಲ್ಲೆಚೆಂತೊ, ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್, ಡಿಲೈಟ್. ಕೇಳಿದರೆ ಬೇಸ್‌ನಿಂದ ಟಾಪ್ ಎಂಡ್‌ವರೆಗಿನ ಮೆಟ್ಟಿಲಿನಂತಿವೆ. ‘ನಮ್ಮದು ಸೂಪರ್ ಸೆಲೆಕ್ಟು’ ಎಂದು ಇಂದಿಗೂ ಹೆಮ್ಮೆಪಡುವವರು ಅದನ್ನು ಸೆಲೆಕ್ಟ್‌ಗಿಂತ ಒಂದು ದರ್ಜೆ ಮೇಲಿನದೆಂದೇ ತಿಳಿದಿರುತ್ತಾರೆ. ಸಂಗತಿ ಹಾಗಲ್ಲ. ಇವು ಒಂದರ ನಂತರ ಒಂದು ಬಂದ ಕಾರುಗಳು, ಹೆಸರು ಹೇಳುವುದು ಹುಟ್ಟಿದ ಕಾಲವನ್ನು. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಆ ಕಾಲದಲ್ಲಿ ಸರದಿ ಬಂದ ವರ್ಷ ಯಾವುದು ತಯಾರಾಗುತ್ತಿತ್ತೋ ಅದೇ ಮನೆಗೆ ಬರುತ್ತಿತ್ತು. ಅಳಿಯನಿಗೆ ಡಿಲೈಟ್, ಮಾವನಿಗೆ ಸೆಲೆಕ್ಟ್ ಇದ್ದರೆ ಅಳಿಯ ಹಣವಂತನೆಂದಲ್ಲ, ಅವನ ಸರದಿ ತಡವಾಗಿ ಬಂತೆಂದು.

ದುಂಡು ಬೆನ್ನಿನ ಮೊದಲ ಕಾರಿಗೆ ಮುಂಬೈ ಜನ ‘ಡುಕ್ಕರ್ ಫಿಯೆಟ್’ ಎಂದು ಹಂದಿಯ ಹೆಸರಿಟ್ಟರು. ಸೆಲೆಕ್ಟ್ ಹೊತ್ತಿಗೆ ಹಿಂದಿನ ಮಡ್‌ಗಾರ್ಡಿನ ತುದಿಗೆ ಸಣ್ಣ ರೆಕ್ಕೆ ಮೂಡಿತ್ತು. 1964ರ ಡಿಲೈಟ್‌ನಲ್ಲಿ ಮುಂದಿನ ಬಾಗಿಲಿನ ಕೀಲು ಮುಂದಕ್ಕೆ ಬಂತು, ಇಟಲಿಯ 500ರಲ್ಲಿ ಆದದ್ದಕ್ಕಿಂತ ಒಂದು ವರ್ಷ ಮೊದಲು. ಡಿಲೈಟ್‌ನ ಇಟಲಿಯ ರೂಪವಾದ 1100 ಡಿಗೆ 1221 ಸಿಸಿ ಎಂಜಿನ್ ಇದ್ದರೆ ನಮ್ಮದಕ್ಕೆ ಹಳೆಯ 1089 ಸಿಸಿಯೇ ಉಳಿಯಿತು. ಇಟಲಿಯಲ್ಲಿ 1100ರ ವಂಶ 1969ಕ್ಕೆ ಮುಗಿಯಿತು. ಇಲ್ಲಿ ಅದು ಎಪ್ಪತ್ತರ ದಶಕದಲ್ಲಿ ಪ್ರೆಸಿಡೆಂಟ್ ಆಗಿ, ಪದ್ಮಿನಿಯಾಗಿ, ಹೊಸ ಶತಮಾನದ ಹೊಸ್ತಿಲವರೆಗೂ ನಡೆಯಿತು. ಮುಂಬೈನ ಕಪ್ಪು–ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ನಿಜವಾದ ವೇರಿಯಂಟುಗಳು ನಮ್ಮಲ್ಲಿ ಕಂಡದ್ದು ಪದ್ಮಿನಿಯ ಕೊನೆಗಾಲದಲ್ಲಿ, ಡಿಲಕ್ಸ್, ಎಸ್ 1, ಡೀಸೆಲ್ಲಿನ 137 ಡಿ ಎಂದೆಲ್ಲ ಬಂದಾಗ. ಅಷ್ಟರಲ್ಲಿ ಗಿರಾಕಿಗಳು ಮಾರುತಿಯ ಕಡೆ ಹೊರಟಿದ್ದರು.

ಇಲ್ಲಿಯೂ ಒಡವೆ ತೊಡಿಸುವವರಿಗೆ ಕೊರತೆಯಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಗ್ರಿಲ್, ಬೀಡಿಂಗ್, ವೀಲ್ ಕಪ್, ಸೀಟ್ ಕವರ್ ಎಲ್ಲ ಸಿಗುತ್ತಿದ್ದವು. ಪದ್ಮಿನಿಗೆ ಡಿಲೈಟ್‌ನ ಮುಖ ಹಾಕಿಸಿ ‘ಹಳೇ ಫಿಯೆಟ್’ ಎಂದು ಮಾರುವವರು ಈಗಲೂ ಇದ್ದಾರೆ, ವಯಸ್ಸು ಹೆಚ್ಚಾದಷ್ಟೂ ಬೆಲೆ ಹೆಚ್ಚು ನೋಡಿ. ಆರ್‌ಸಿ ಪುಸ್ತಕದಲ್ಲಿ ತಯಾರಾದ ವರ್ಷ ಇರುತ್ತದೆ; ನಮ್ಮ ಹೆಸರುಗಳೆಲ್ಲ ವರ್ಷದ ಹೆಸರುಗಳಾದ್ದರಿಂದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಇನ್ನೂ ಉಳಿದಿದ್ದರೆ ಇಟಲಿಯ ಕಪ್ಪು ಪ್ಲೇಟಿಗೆ ಸಿಗುವ ಮರ್ಯಾದೆಯನ್ನು ಇದಕ್ಕೂ ಕೊಡಬಹುದು. ಆಮೇಲೆ ಪುಸ್ತಕದ ಚಾಸಿ ಸಂಖ್ಯೆಯನ್ನು ಫಲಕದ ಮೇಲಿನದಕ್ಕೆ ತಾಳೆ ನೋಡಿ, ಮುಂದಿನ ಬಾಗಿಲು ತೆರೆದು ಕೀಲು ಯಾವ ಕಡೆ ಇದೆ ನೋಡಿ, ಡಿಕ್ಕಿಯೊಳಗೆ ಟಾರ್ಚು ಹಾಕಿ ಬ್ಯಾಡ್ಜಿನ ಹಿಂಬದಿ ನೋಡಿ. ಸೂಪರ್ ಸೆಲೆಕ್ಟ್ ಎಂದು ತೋರಿಸಿದ ಕಾರಿನ ಕೀಲು ಮುಂದಕ್ಕಿದ್ದರೆ ಮಾರುವವರನ್ನು ವಾದಕ್ಕೆಳೆಯಬೇಕಿಲ್ಲ, ಪದ್ಮಿನಿಯ ಬೆಲೆಗೆ ಮಾತು ಶುರುಮಾಡಿದರಾಯಿತು.